ರಿಯಾಯಿತಿ ಮಾರ್ಟ್‌ನಲ್ಲಿ ನಿಜಕ್ಕೂ ಎಷ್ಟು ಉಳಿಯುತ್ತದೆ? ಮನೆಯಲ್ಲೇ ಲೆಕ್ಕ ಹಾಕುವುದು ಹೀಗೆ

ತಿಂಗಳ ಮೊದಲ ಭಾನುವಾರ ಸಂಜೆ ತುಮಕೂರಿನ ಕ್ಯಾತ್ಸಂದ್ರದ ನಮ್ಮ ಬೀದಿಗೆ ಬಂದು ನೋಡಿ. ಮನೆ ಮನೆ ಮುಂದೆ ಸ್ಕೂಟರ್, ಕಾಲಿಡುವ ಜಾಗದಲ್ಲಿ ಉಬ್ಬಿದ ಎರಡು ಚೀಲ, ಕೈಯಲ್ಲಿ ಮೊಳದುದ್ದದ ಬಿಲ್. ಹೋದ ತಿಂಗಳು ಪಕ್ಕದ ಮನೆಯವರು ಆ ಬಿಲ್ ತಂದು ತೋರಿಸಿದರು. ‘ನೋಡಿ ಅಕ್ಕ, 712 ರೂಪಾಯಿ ಉಳೀತು’ ಅಂದರು. ಬಿಲ್‌ನ ಕೊನೇ ಸಾಲಿನಲ್ಲಿ ಹಾಗೇ ಅಚ್ಚಾಗಿತ್ತು. ನಾವಿಬ್ಬರೂ ಜಗಲಿ ಮೇಲೆ ಕೂತು, ಅದೇ ಸಾಮಾನನ್ನು ಬೀದಿ ತುದಿಯ ಅಂಗಡಿಯಲ್ಲಿ ತಂದಿದ್ದರೆ ಎಷ್ಟಾಗುತ್ತಿತ್ತು ಅಂತ ಒಂದೊಂದಾಗಿ ಬರೆದೆವು. ಉಳಿದಿದ್ದು 240 ರೂಪಾಯಿ. ಚೀಟಿಯಲ್ಲಿ ಇಲ್ಲದೆಯೂ ಬುಟ್ಟಿಗೆ ಬಿದ್ದ ಸಾಮಾನು 860 ರೂಪಾಯಿಯದ್ದು.

ಮಾರ್ಟ್‌ನವರು ಮೋಸ ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಕಡಿಮೆ ರೇಟು ಸುಳ್ಳಲ್ಲ. 2002ರಲ್ಲಿ ಮುಂಬೈನ ಪೊವೈನಲ್ಲಿ ಶುರುವಾದ ಡಿ-ಮಾರ್ಟ್ ಈ ವ್ಯಾಪಾರವನ್ನು ಹೇಗೆ ಮಾಡಬೇಕು ಅಂತ ಎಲ್ಲರಿಗೂ ತೋರಿಸಿಕೊಟ್ಟಿತು. ಕಂಪನಿಯಿಂದ ನೇರ ಖರೀದಿ, ಅವರಿಗೆ ಬೇಗ ದುಡ್ಡು, ಅದಕ್ಕೆ ಪ್ರತಿಯಾಗಿ ಒಳ್ಳೇ ರೇಟು. ಹೆಚ್ಚಿನ ಮಳಿಗೆ ಸ್ವಂತದ್ದಾದ್ದರಿಂದ ಬಾಡಿಗೆ ಹೊರೆ ಇಲ್ಲ, ಬೇಗ ಖಾಲಿಯಾಗುವ ಸಾಮಾನನ್ನಷ್ಟೇ ಇಡುತ್ತಾರೆ. ಆದರೆ ಅವರ ರೇಟು ಕಡಿಮೆ ಇರುವುದು ಬೇರೆ, ನಮ್ಮ ಮನೆಯಲ್ಲಿ ದುಡ್ಡು ಉಳಿಯುವುದು ಬೇರೆ. ಎರಡನೆಯದು ನಿಮ್ಮ ಲೆಕ್ಕದ ಮೇಲೆ ನಿಂತಿದೆ. ಆ ಲೆಕ್ಕ ಹಾಕುವಾಗ ಜನ ಎಲ್ಲಿ ಎಡವುತ್ತಾರೆ ಅಂತ ನಾನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಡಬ್ಬಿ ನೋಡಿ ಪಟ್ಟಿ ಬರೆಯಿರಿ

ಅಡುಗೆಮನೆಯಲ್ಲಿ ನಿಂತು, ತಿಂಗಳಿಗೆ ಯಾವುದು ಎಷ್ಟು ಖರ್ಚಾಗುತ್ತದೆ ಅಂತ ಬರೆಯಿರಿ. ಅಷ್ಟೇ.

ಹೆಜ್ಜೆ 2: ದೊಡ್ಡ ದುಡ್ಡಿನ ಹದಿನೈದು ಸಾಮಾನು ಆರಿಸಿ

ಸಾಸಿವೆ, ಇಂಗು, ಏಲಕ್ಕಿಗೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಅಕ್ಕಿ, ತೊಗರಿಬೇಳೆ, ಉದ್ದಿನಬೇಳೆ, ಎಣ್ಣೆ, ಸಕ್ಕರೆ, ಗೋಧಿ ಹಿಟ್ಟು, ಕಾಫಿಪುಡಿ, ಬಟ್ಟೆ ಸೋಪಿನ ಪುಡಿ, ಮೈಸೋಪು, ಪೇಸ್ಟು. ಹೀಗೆ ದುಡ್ಡು ಹೋಗುವುದು ಎಲ್ಲಿಗೆ ಅಂತ ನಿಮಗೇ ಗೊತ್ತಿರುತ್ತದೆ, ಅವಕ್ಕೆ ಗುರುತು ಹಾಕಿ.

ಹೆಜ್ಜೆ 3: ರೇಟು ಹೋಲಿಸುವುದು. ನಿಧಾನವಾಗಿ ಓದಿ, ಎಲ್ಲರೂ ತಪ್ಪುವುದು ಇಲ್ಲೇ

ಮೊದಲನೇ ತಪ್ಪು ಎಂಆರ್‌ಪಿ ಜೊತೆ ಹೋಲಿಸುವುದು. ಬಿಲ್‌ನಲ್ಲಿ ‘ಉಳಿತಾಯ’ ಅಂತ ಬರುವುದು ಪ್ಯಾಕೆಟ್ ಮೇಲಿನ ಎಂಆರ್‌ಪಿಗೂ ಅವರು ಹಾಕಿದ ರೇಟಿಗೂ ಇರುವ ವ್ಯತ್ಯಾಸ. ಎಂಆರ್‌ಪಿ ಅಂದರೆ ಎಲ್ಲಾ ತೆರಿಗೆ ಸೇರಿ ಗರಿಷ್ಠ ಬೆಲೆ, ಅದಕ್ಕಿಂತ ಜಾಸ್ತಿಗೆ ಮಾರುವ ಹಾಗಿಲ್ಲ ಅಷ್ಟೇ, ಕಡಿಮೆಗೆ ಯಾರು ಬೇಕಾದರೂ ಕೊಡಬಹುದು. ನಿಮ್ಮ ಬೀದಿ ಅಂಗಡಿಯವರು ಎಣ್ಣೆ, ಬೇಳೆ, ಅಕ್ಕಿಗೆ ಯಾವತ್ತಾದರೂ ಪೂರ್ತಿ ಎಂಆರ್‌ಪಿ ತಗೊಂಡಿದ್ದಾರಾ? ಇಲ್ಲ ಅಲ್ವಾ? ಅಂದ ಮೇಲೆ ಹೋಲಿಸಬೇಕಾದ್ದು ಅಂಗಡಿಯವರು ನಿಮ್ಮಿಂದ ತಗೊಳ್ಳುವ ರೇಟನ್ನು, ಪ್ಯಾಕೆಟ್ ಮೇಲಿನ ರೇಟನ್ನಲ್ಲ. ಇನ್ನೊಂದು ಮಾತು. ಮಾರ್ಟ್‌ನವರು ತಾವೇ ಪ್ಯಾಕ್ ಮಾಡಿದ ಬೇಳೆಕಾಳಿಗೆ ಎಂಆರ್‌ಪಿ ಹಾಕುವವರೂ ಅವರೇ. ಅಲ್ಲಿ ‘30% ಕಡಿತ’ ಅಂದರೆ ಅದಕ್ಕೆ ಅರ್ಥವೇ ಇಲ್ಲ. ಅಂಥ ಚೀಟಿಯನ್ನು ನಾನು ಓದುವುದೇ ಇಲ್ಲ, ನೀವೂ ಓದಬೇಡಿ.

ಎರಡನೇ ತಪ್ಪು ತೂಕ ನೋಡದೆ ಬೆಲೆ ಮಾತ್ರ ನೋಡುವುದು. ಈಗ ಪ್ಯಾಕೆಟ್ ಮೇಲೆ ಎಂಆರ್‌ಪಿ ಪಕ್ಕದಲ್ಲಿ ‘ಯೂನಿಟ್ ಸೇಲ್ ಪ್ರೈಸ್’ ಅಥವಾ ಯುಎಸ್‌ಪಿ, ಅಂದರೆ ಒಂದು ಗ್ರಾಂಗೋ ಕೆಜಿಗೋ ಎಷ್ಟು ಬೆಲೆ ಅಂತ ಸಣ್ಣ ಅಕ್ಷರದಲ್ಲಿ ಹಾಕಬೇಕು ಅಂತ ನಿಯಮ ಇದೆ. ಒಳ್ಳೇ ನಿಯಮ. ಆದರೆ ಅದರಲ್ಲಿ ಎರಡು ತೊಡಕು. ಒಂದು ಕೆಜಿಗಿಂತ ಕಡಿಮೆ ಇದ್ದರೆ ಗ್ರಾಂ ಲೆಕ್ಕ, ಜಾಸ್ತಿ ಇದ್ದರೆ ಕೆಜಿ ಲೆಕ್ಕ. ಹಾಗಾಗಿ ಅರ್ಧ ಕೆಜಿ ಪ್ಯಾಕೆಟ್ ಮೇಲೆ ₹0.19 ಅಂತ ಇರುತ್ತದೆ, ಪಕ್ಕದ ಎರಡು ಕೆಜಿ ಪ್ಯಾಕೆಟ್ ಮೇಲೆ ₹172 ಅಂತ ಇರುತ್ತದೆ, ನೋಡಿದವರಿಗೆ ತಲೆ ಬಿಸಿ. ಗ್ರಾಂ ಬೆಲೆಯನ್ನು ಸಾವಿರದಿಂದ ಗುಣಿಸಿ: 0.19 ಅಂದರೆ ಕೆಜಿಗೆ 190. ಎರಡನೇ ತೊಡಕು, ಆ ಲೆಕ್ಕ ಎಂಆರ್‌ಪಿ ಮೇಲೆ ಮಾಡಿದ್ದು, ನೀವು ಕೊಡುವ ಬೆಲೆ ಮೇಲೆ ಅಲ್ಲ. ಆದ್ದರಿಂದ ಫೋನಿನ ಕ್ಯಾಲ್ಕುಲೇಟರ್ ತೆಗೆದು, ಕೊಡುವ ಬೆಲೆಯನ್ನು ತೂಕದಿಂದ ಭಾಗಿಸುವುದೇ ನಂಬಬಹುದಾದ ದಾರಿ. ಎಲ್ಲವನ್ನೂ ಕೆಜಿಗೆ ಇಲ್ಲವೇ ಲೀಟರಿಗೆ ಇಳಿಸಿ ಬರೆಯಿರಿ.

ಎಣ್ಣೆಯಲ್ಲಂತೂ ಕಣ್ಣು ತೆರೆದಿರಬೇಕು. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಪೌಚ್ ನೋಡುವುದಕ್ಕೆ ಎಲ್ಲಾ ಒಂದೇ ಗಾತ್ರ, ಒಳಗಿರುವುದು ಬೇರೆ ಬೇರೆ. ಒಂದು ಲೀಟರಿನ ಪೌಚ್ 150 ರೂಪಾಯಿ, ಪಕ್ಕದಲ್ಲಿ 800 ಗ್ರಾಂ ಪೌಚ್ 138 ರೂಪಾಯಿ ಅಂದುಕೊಳ್ಳಿ. 12 ರೂಪಾಯಿ ಉಳಿಯಿತು ಅಂತ ಕೈ ಎರಡನೆಯದಕ್ಕೇ ಹೋಗುತ್ತದೆ. 138ನ್ನು 800ರಿಂದ ಭಾಗಿಸಿ 910ರಿಂದ ಗುಣಿಸಿದರೆ 157 ಬರುತ್ತದೆ. ಅಂದರೆ ಲೀಟರಿಗೆ 7 ರೂಪಾಯಿ ಜಾಸ್ತಿ ಕೊಟ್ಟ ಹಾಗಾಯಿತು. ತಿಂಗಳಿಗೆ ನಾಲ್ಕು ಪೌಚ್ ತರುವ ಮನೆಯಲ್ಲಿ ಇದು ಸಣ್ಣ ವಿಷಯ ಅಲ್ಲ.

ದೊಡ್ಡ ಪ್ಯಾಕ್ ಯಾವಾಗಲೂ ಅಗ್ಗ ಅಂತಲೂ ನಂಬಬೇಡಿ. ಶಾಂಪೂನಲ್ಲಿ ಎಷ್ಟೋ ಬ್ರಾಂಡುಗಳ ಸ್ಯಾಶೆಯೇ ಬಾಟಲಿಗಿಂತ ಮಿಲಿ ಲೆಕ್ಕದಲ್ಲಿ ಅಗ್ಗ ಬೀಳುತ್ತದೆ. ನಮ್ಮ ಮನೆಗೆ ಬಾಟಲಿ ತರುವುದನ್ನೇ ಬಿಟ್ಟಿದ್ದೇವೆ. ಮಕ್ಕಳು ಬಾಟಲಿ ಇದ್ದರೆ ಸುರಿದುಕೊಳ್ಳುತ್ತಾರೆ, ಸ್ಯಾಶೆ ಆದರೆ ಒಂದಕ್ಕೇ ಮುಗಿಯುತ್ತದೆ.

ಮೂರನೇ ತಪ್ಪು ಎಲ್ಲಕ್ಕಿಂತ ದೊಡ್ಡದು. ಹೆಸರು ಒಂದೇ ಅಂತ ಬೇರೆ ಬೇರೆ ದರ್ಜೆಯ ಮಾಲು ಹೋಲಿಸುವುದು. ಪೇಸ್ಟು, ಸೋಪು ಎಲ್ಲಿ ತಂದರೂ ಒಂದೇ. ಬೇಳೆ, ಅಕ್ಕಿ ಹಾಗಲ್ಲ. ಮಾರ್ಟ್‌ನಲ್ಲಿ ತೊಗರಿಬೇಳೆ ನಮ್ಮೂರ ಸಗಟು ಪೇಟೆಯಾದ ಮಂಡಿಪೇಟೆಗಿಂತ ಕೆಜಿಗೆ ಹತ್ತು ರೂಪಾಯಿ ಕಡಿಮೆ ಇದೆ ಅಂತ ನಮ್ಮ ನಾದಿನಿ ಐದು ಕೆಜಿ ತಂದಿದ್ದರು. ಕುಕ್ಕರ್‌ನಲ್ಲಿ ಐದು ಕೂಗು ಕೂಗಿಸಿದರೂ ಬೇಳೆ ಕಣ್ಣು ಬಿಟ್ಟುಕೊಂಡು ಹಾಗೇ ಕೂತಿತ್ತು, ಸಾರಿನಲ್ಲಿ ನೀರೇ ಬೇರೆ ಬೇಳೆಯೇ ಬೇರೆ. ಒಂದು ಹಿಡಿ ಹಾಕುವ ಕಡೆ ಒಂದೂವರೆ ಹಿಡಿ ಹಾಕಬೇಕಾಯಿತು. ಗ್ಯಾಸ್ ಬೇರೆ ಜಾಸ್ತಿ. ಹತ್ತು ರೂಪಾಯಿ ಉಳಿತಾಯ ಎಲ್ಲಿಗೆ ಹೋಯಿತು?

ಹಾಗಾಗಿ ಬೇಳೆ ಹೋಲಿಸುವುದು ಹೀಗೆ. ಎರಡೂ ಕಡೆಯಿಂದ ಕಾಲು ಕೆಜಿ ಮಾತ್ರ ತನ್ನಿ. ತಟ್ಟೆಯಲ್ಲಿ ಹರವಿ, ನುಚ್ಚು ಎಷ್ಟಿದೆ, ಸಿಪ್ಪೆ ಎಷ್ಟಿದೆ ನೋಡಿ. ವಿಪರೀತ ಹೊಳೆಯುವ ಬೇಳೆಗೆ ಪಾಲಿಶ್ ಕೊಟ್ಟಿರುತ್ತಾರೆ, ಹೊಳಪಿಗೆ ಮರುಳಾಗಬೇಡಿ. ಆಮೇಲೆ ಎರಡು ಚಿಕ್ಕ ಪಾತ್ರೆಯಲ್ಲಿ ಒಂದೊಂದು ಲೋಟ ಬೇಳೆ, ಅಷ್ಟೇ ನೀರು ಹಾಕಿ ಒಂದೇ ಕುಕ್ಕರ್‌ನಲ್ಲಿ ಇಡಿ. ಸೌಟಿನ ಹಿಂಬದಿಯಿಂದ ಒತ್ತಿದರೆ ಯಾವುದು ಬೆಣ್ಣೆ ಹಾಗೆ ಕರಗುತ್ತದೆ ಅಂತ ನಿಮಗೇ ಕಾಣುತ್ತದೆ. 2019ರಲ್ಲಿ ಜಿಐ ಟ್ಯಾಗ್ (ಒಂದು ಊರಿನ ವಿಶೇಷ ಬೆಳೆಗೆ ಕೊಡುವ ಸರ್ಕಾರಿ ಗುರುತು) ಸಿಕ್ಕಿದ ಕಲಬುರಗಿ ತೊಗರಿಬೇಳೆ ಮಂಡಿಯಲ್ಲಿ ಸಿಕ್ಕರೆ ನಾನಂತೂ ನಾಲ್ಕು ಕಾಸು ಜಾಸ್ತಿ ಕೊಟ್ಟೇ ತರುತ್ತೇನೆ.

ಅಕ್ಕಿಗೂ ಇದೇ ಪರೀಕ್ಷೆ, ಇನ್ನೂ ಎಚ್ಚರಿಕೆಯಿಂದ. ಸೋನಾ ಮಸೂರಿ ಅಂತ ಬರೆದಿದ್ದೆಲ್ಲ ಒಂದೇ ಅಲ್ಲ. ಅಕ್ಕಿ ಹಳೇದಾ ಹೊಸದಾ ಅನ್ನುವುದು ಮುಖ್ಯ. ಹಳೇ ಅಕ್ಕಿ ನೀರು ಜಾಸ್ತಿ ಎಳೆದು ಅರಳುತ್ತದೆ, ಹೊಸದು ಅಂಟು ಅಂಟಾಗಿ ಮುದ್ದೆಯಾಗುತ್ತದೆ, ಅಳತೆಗೂ ಕಡಿಮೆ ಬರುತ್ತದೆ. ಒಂದು ಪಾವು ಅಕ್ಕಿಗೆ ಎಷ್ಟು ಜನ ಉಂಡರು ಅನ್ನುವುದೇ ಅಕ್ಕಿಯ ನಿಜವಾದ ರೇಟು. ಮಂಡಿಪೇಟೆಯಲ್ಲಿ ಮೂಟೆಗೆ ಕೈ ಹಾಕಿ ಹಿಡಿ ಅಕ್ಕಿ ತೆಗೆದು ಮೂಸಿ ನೋಡಬಹುದು, ಎರಡು ಕಾಳು ಬಾಯಿಗೆ ಹಾಕಿ ಕಡಿಯಬಹುದು. ಸೀಲ್ ಮಾಡಿದ ಚೀಲದಲ್ಲಿ ಅದು ಆಗದು.

ಅಕ್ಕಿ ಮೂಟೆ 25 ಕೆಜಿ ಬದಲು 26 ಕೆಜಿ ಯಾಕೆ ಬರುತ್ತಿದೆ ಅಂತ ಬಹಳ ಜನ ಕೇಳುತ್ತಾರೆ. 2022ರ ಜುಲೈ 18ರಿಂದ, ಲೇಬಲ್ ಹಾಕಿ ಪ್ಯಾಕ್ ಮಾಡಿದ ಅಕ್ಕಿ, ಬೇಳೆ, ಹಿಟ್ಟು 25 ಕೆಜಿವರೆಗೆ ಇದ್ದರೆ 5% ಜಿಎಸ್‌ಟಿ. ಅದಕ್ಕಿಂತ ದೊಡ್ಡ ಮೂಟೆಗೆ ಇಲ್ಲ, ಬಿಡಿಯಾಗಿ ತೂಗಿ ಕೊಟ್ಟರೂ ಇಲ್ಲ. ಮಾರ್ಟ್‌ನ ಐದು ಕೆಜಿ ಚೀಲದ ಬೆಲೆಯಲ್ಲಿ ಆ ತೆರಿಗೆ ಸೇರಿದೆ. ನಾಲ್ಕೈದು ಜನ ಇರುವ ಮನೆಗೆ 26 ಕೆಜಿ ಮೂಟೆ ಮಂಡಿಯಿಂದ ತರುವುದೇ ಸರಿ ಅಂತ ನನ್ನ ಗಟ್ಟಿ ಅಭಿಪ್ರಾಯ. ಇಬ್ಬರೇ ಇರುವ ಮನೆಗೆ ಬೇಡ, ಹುಳ ಬೀಳುತ್ತದೆ.

ಹೆಜ್ಜೆ 4: ಹೋಗಿಬರುವ ಖರ್ಚು, ಚೀಟಿ ಮೀರಿದ ಖರ್ಚು ಸೇರಿಸಿ

ಇಲ್ಲಿಂದ ಪೇಟೆಗೆ ಸ್ಕೂಟರ್‌ನಲ್ಲಿ ಹೋಗಿಬಂದರೆ ಪೆಟ್ರೋಲಿಗೆ ಮೂವತ್ತು ರೂಪಾಯಿ ಹತ್ತಿರ. ಆಟೋ ಆದರೆ ಉಳಿತಾಯದ ಮಾತೇ ಬೇಡ. ತಿಂಗಳಿಗೆ ಒಂದು ಸಲ ಹೋದರೆ ಪರವಾಗಿಲ್ಲ, ‘ಅಗ್ಗ ಸಿಗುತ್ತೆ’ ಅಂತ ವಾರವಾರ ಹೋಗುವವರು ಪೆಟ್ರೋಲಿನಲ್ಲೇ ಅರ್ಧ ಕಳೆಯುತ್ತಾರೆ.

ಮನೆಗೆ ಬಂದ ಮೇಲೆ ಬಿಲ್ ಮತ್ತು ಚೀಟಿ ಪಕ್ಕಪಕ್ಕ ಇಟ್ಟು, ಚೀಟಿಯಲ್ಲಿ ಇಲ್ಲದ್ದಕ್ಕೆಲ್ಲ ಕೆಂಪು ಗೆರೆ ಎಳೆಯಿರಿ. ಪ್ಲಾಸ್ಟಿಕ್ ಡಬ್ಬಿ, ಚಾಕೊಲೇಟ್, ಇನ್ನೊಂದು ಕಾಲೊರೆಸು. ಆ ಮೊತ್ತವನ್ನು ಉಳಿತಾಯದಿಂದ ಕಳೆಯಿರಿ. ಬೇಜಾರಾಗುತ್ತದೆ, ಆದರೂ ಮಾಡಿ. ‘ಒಂದು ಕೊಂಡರೆ ಒಂದು ಉಚಿತ’ ಅನ್ನುವುದರಲ್ಲಿ ನನಗೆ ಒಳ್ಳೇ ಅನುಭವ ಇಲ್ಲ. ಹೆಸರೇ ಕೇಳದ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಬಾಟಲಿ ತಂದಿದ್ದೆ, ನೀರಿನ ಹಾಗಿತ್ತು, ಜಿಡ್ಡು ಬಿಡಲಿಲ್ಲ, ಎರಡೂ ಬಚ್ಚಲು ತೊಳೆಯುವುದಕ್ಕೆ ಹೋಯಿತು. ತಿನ್ನುವ ಪದಾರ್ಥ ಆದರೆ ಉಚಿತದ ಪ್ಯಾಕೆಟ್ ತಿರುಗಿಸಿ ದಿನಾಂಕ ನೋಡಿ. ಅವಧಿ ಹತ್ತಿರ ಬಂದಿರುವುದು ಜಾಸ್ತಿ.

ಹೆಜ್ಜೆ 5: ಪಟ್ಟಿಯನ್ನು ಮೂರು ಭಾಗ ಮಾಡಿ

ಎರಡು ತಿಂಗಳು ಹೀಗೆ ಬರೆದರೆ ಯಾವುದು ಎಲ್ಲಿ ಅಂತ ತಾನಾಗೇ ಬೇರೆಯಾಗುತ್ತದೆ. ನಮ್ಮ ಮನೆಯಲ್ಲಿ ಹೀಗಾಯಿತು. ಬ್ರಾಂಡಿನ ಪ್ಯಾಕೆಟ್ ಸಾಮಾನು, ಅಂದರೆ ಸೋಪು, ಪೇಸ್ಟು, ಬಟ್ಟೆ ಪುಡಿ, ಬಿಸ್ಕತ್ತು, ಟೀ ಪುಡಿ, ಎಣ್ಣೆ, ಇವು ಮಾರ್ಟ್‌ನಲ್ಲೇ. ಇಲ್ಲಿ ಅವರನ್ನು ಯಾರೂ ಮೀರಿಸುವುದಕ್ಕಾಗುವುದಿಲ್ಲ. ಅಕ್ಕಿ, ಬೇಳೆ, ಒಣಮೆಣಸಿನಕಾಯಿ, ದನಿಯ ಮಂಡಿಪೇಟೆಯಲ್ಲಿ. ತರಕಾರಿ ವಾರಕ್ಕೊಮ್ಮೆ ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ, ಅದೂ ಪಕ್ಕದ ಮನೆಯವರ ಜೊತೆ ಸೇರಿ, ಯಾಕೆಂದರೆ ಅಲ್ಲಿ ಜಾಸ್ತಿ ತಗೊಂಡರೆ ಮಾತ್ರ ರೇಟು ಇಳಿಯುತ್ತದೆ. ಮಾರ್ಟ್‌ನ ಫ್ರಿಜ್ಜಿನಲ್ಲಿರುವ ಸೊಪ್ಪು ನನಗೆ ಬೇಡ. ನಂದಿನಿ ಹಾಲು ಎಲ್ಲಿ ತಗೊಂಡರೂ ಅದೇ ಬೆಲೆ, ಮನೆ ಹತ್ತಿರದ ಬೂತಿನಲ್ಲೇ ತಗೊಳ್ಳಿ.

ಬೀದಿ ಅಂಗಡಿಯನ್ನು ಪೂರ್ತಿ ಬಿಡಬೇಡಿ. ತಿಂಗಳ ಕೊನೆಯಲ್ಲಿ ಕೈ ಖಾಲಿಯಾದಾಗ ಪುಸ್ತಕದಲ್ಲಿ ಬರೆದುಕೊಂಡು ಸಾಮಾನು ಕೊಡುವವರು ಅವರೇ. ಅದಕ್ಕೆ ಬಡ್ಡಿ ಇಲ್ಲ. ಆ ಅನುಕೂಲಕ್ಕೆ ಕೆಜಿಗೆ ಎರಡು ರೂಪಾಯಿ ಜಾಸ್ತಿ ಕೊಟ್ಟರೆ ನಷ್ಟ ಅಂತ ನಾನು ಬರೆದುಕೊಳ್ಳುವುದಿಲ್ಲ.

ವರ್ಷಕ್ಕೊಮ್ಮೆ ತರುವ ಸಾಮಾನನ್ನು ಈ ತಿಂಗಳ ಲೆಕ್ಕಕ್ಕೆ ತರಲೇಬೇಡಿ. ಹುಣಸೆಹಣ್ಣಿಗೆ ನಮ್ಮ ತುಮಕೂರು ಹೆಸರಾದ ಊರು. ಬೇಸಿಗೆ ಶುರುವಿನಲ್ಲಿ ಹೊಸ ಹಣ್ಣು ಬಂದಾಗ ವರ್ಷಕ್ಕೆ ಬೇಕಾಗುವಷ್ಟು ತಂದು, ಬೀಜ ನಾರು ತೆಗೆದು, ಕಲ್ಲುಪ್ಪು ಬೆರೆಸಿ ಜಾಡಿಗೆ ತುಂಬಿಡಿ. ಪ್ಯಾಕೆಟ್‌ನಲ್ಲಿ ಕಾಲು ಕೆಜಿ ಕಾಲು ಕೆಜಿ ಅಂತ ತರುವವರನ್ನು ಕಂಡರೆ, ಈ ಊರಲ್ಲಿದ್ದೂ ಹೀಗಾ ಅಂತ ನನಗೆ ಸಂಕಟವಾಗುತ್ತದೆ. ರಾಗಿಯೂ ಹಾಗೇ, ಸುಗ್ಗಿ ಮುಗಿದ ಮೇಲೆ ಹಳ್ಳಿಯ ಕಡೆಯವರಿಂದ ಮೂಟೆ ತಗೊಂಡು, ಬೇಕಾದಾಗ ಬೇಕಾದಷ್ಟು ಮಿಲ್ ಮಾಡಿಸಿ.

ಹೆಜ್ಜೆ 6: ಮಾರ್ಟ್‌ಗೆ ಹೋದಾಗ

ಊಟ ಮಾಡಿ ಹೋಗಿ, ಸ್ವಂತ ಚೀಲ ತಗೊಂಡು ಹೋಗಿ, ಟ್ರಾಲಿ ಬಿಟ್ಟು ಕೈಬುಟ್ಟಿ ಹಿಡಿಯಿರಿ. ಭಾರವಾದರೆ ಕೈ ತಾನೇ ನಿಲ್ಲುತ್ತದೆ.

ಬಿಲ್ ಮಾತ್ರ ಬಾಗಿಲು ದಾಟುವ ಮೊದಲೇ ಓದಬೇಕು. ಒಂದು ಸಲ ಒಂದು ಮಳಿಗೆಯಲ್ಲಿ ಹೆಸರುಬೇಳೆಯ ಕೆಳಗಿದ್ದ ಚೀಟಿಯ ರೇಟು ನೋಡಿ ಎರಡು ಪ್ಯಾಕೆಟ್ ತಗೊಂಡೆ, ಬಿಲ್‌ನಲ್ಲಿ ಒಂದೊಂದಕ್ಕೂ 18 ರೂಪಾಯಿ ಜಾಸ್ತಿ. ಚೀಟಿ ಪಕ್ಕದ ಬ್ರಾಂಡಿನದ್ದಂತೆ. ಅಲ್ಲೇ ಇದ್ದಿದ್ದರಿಂದ ವಾಪಸ್ ಕೊಟ್ಟು ದುಡ್ಡು ಪಡೆದೆ, ಮನೆಗೆ ಬಂದು ನೋಡಿದ್ದರೆ ಅದಕ್ಕೋಸ್ಕರ ಮತ್ತೆ ಹೋಗುತ್ತಿರಲಿಲ್ಲ. ಎಂಆರ್‌ಪಿಗಿಂತ ಜಾಸ್ತಿ ಹಾಕಿ, ಕೇಳಿದರೂ ಸರಿ ಮಾಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಬಿಲ್ ಡಬ್ಬಿಯಲ್ಲಿ ಹಾಗೇ ಇಟ್ಟುಕೊಂಡರೆ ಸಾಲದು. ಆ ಕಾಗದದ ಅಕ್ಷರ ಒಲೆ ಹತ್ತಿರದ ಬಿಸಿಗೆ ಎರಡು ಮೂರು ತಿಂಗಳಲ್ಲಿ ಮಾಸಿ, ಬರೀ ಬಿಳಿ ಚೀಟಿ ಉಳಿಯುತ್ತದೆ. ಅವತ್ತು ರಾತ್ರಿಯೇ ಹದಿನೈದು ಸಾಮಾನಿನ ರೇಟನ್ನು ಒಂದು ನೋಟ್ ಪುಸ್ತಕಕ್ಕೆ ಇಳಿಸಿ, ತಾರೀಕು ಹಾಕಿ.