ಹೊಗೆ, ಬೆಂಕಿ, ಗ್ಯಾಸ್ ಒಲೆ: ತತ್ತ್ವಶಾಸ್ತ್ರದ ಪಾಠ ಶುರುಮಾಡೋದು ಹೇಗೆ?

ಪಿಯುಸಿ ಮಕ್ಕಳಿಗೆ ತರ್ಕಶಾಸ್ತ್ರ ಹೇಳಿಕೊಡುವವಳು ನಾನು. ಮೊದಲ ದಿನವೇ ಬೋರ್ಡಿನ ಮೇಲೆ 'ಜ್ಞಾನಮೀಮಾಂಸೆ' (ತಿಳಿವು ಅಂದರೇನು, ಅದು ಹೇಗೆ ಬರುತ್ತದೆ ಅನ್ನುವ ವಿಚಾರ) ಅಂತ ಬರೆದಿರೋ, ಹಿಂದಿನ ಬೆಂಚು ತೂಕಡಿಸಲು ಶುರು. ಅದರ ಬದಲು ಕೇಳಿ: "ನೀನು ಹುಟ್ಟಿದ ದಿನ ನಿನಗೆ ಹೇಗೆ ಗೊತ್ತು?"

ಅಮ್ಮ ಹೇಳಿದ್ದು ಅನ್ನುತ್ತಾರೆ, ಆಧಾರ್ ಕಾರ್ಡಲ್ಲಿದೆ ಅನ್ನುತ್ತಾರೆ. ಈಗ ಹೆಸರು ಕೊಡಿ. ಕಣ್ಣಾರೆ ಕಂಡದ್ದು ಪ್ರತ್ಯಕ್ಷ, ಗುರುತು ನೋಡಿ ತಿಳಿದದ್ದು ಅನುಮಾನ, ಹೋಲಿಕೆಯಿಂದ ತಿಳಿದದ್ದು ಉಪಮಾನ, ನಂಬಬಹುದಾದವರ ಮಾತು ಶಬ್ದ. ತರ್ಕಕ್ಕೆ ಹೆಸರಾದ ನ್ಯಾಯದರ್ಶನ ಈ ನಾಲ್ಕು ಪ್ರಮಾಣಗಳನ್ನೂ, ಅಂದರೆ ತಿಳಿಯುವ ದಾರಿಗಳನ್ನೂ, ಒಪ್ಪುತ್ತದೆ. ಬೌದ್ಧ ತಾರ್ಕಿಕ ದಿಙ್ನಾಗನಿಗೆ ಮೊದಲಿನ ಎರಡೇ ಸಾಕು, ಭೌತವಾದಿಗಳಾದ ಚಾರ್ವಾಕರಿಗೆ ಪ್ರತ್ಯಕ್ಷ ಒಂದೇ. ಕ್ಲಾಸನ್ನು ಮೂರು ಗುಂಪು ಮಾಡಿ ಅದೇ ಪ್ರಶ್ನೆ ಮತ್ತೆ ಹಾಕಿ. ಚಾರ್ವಾಕರ ಗುಂಪಿನಿಂದ ಯಾರಾದರೂ "ಹಾಗಾದ್ರೆ ನನಗೆ ಗೊತ್ತೇ ಇಲ್ಲ ಮಿಸ್" ಅಂದರೆ ನಗಬೇಡಿ. ಆ ಗುಂಪಿನಲ್ಲಿ ಕೂತವರು ಕೊಡಬೇಕಾದ ಉತ್ತರ ಅದೇ.

ಆಮೇಲೆ ಅನುಮಾನದ ಐದು ಅವಯವ, ಅಂದರೆ ವಾದದ ಐದು ಭಾಗ. ಬೆಟ್ಟದಲ್ಲಿ ಬೆಂಕಿಯಿದೆ: ಪ್ರತಿಜ್ಞೆ. ಹೊಗೆ ಇರುವುದರಿಂದ: ಹೇತು. ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುತ್ತದೆ, ಅಡುಗೆಮನೆಯಲ್ಲಿದ್ದಂತೆ: ಉದಾಹರಣೆ. ಈ ಬೆಟ್ಟದಲ್ಲೂ ಅಂಥ ಹೊಗೆಯಿದೆ: ಉಪನಯ. ಆದ್ದರಿಂದ ಬೆಂಕಿಯಿದೆ: ನಿಗಮನ. ಹೊಗೆಗೂ ಬೆಂಕಿಗೂ ಇರುವ ಈ ತಪ್ಪದ ನಂಟೇ ವ್ಯಾಪ್ತಿ.

ಇಲ್ಲಿ ಒಂದು ಕೈ ಮೇಲೆದ್ದೇ ಏಳುತ್ತದೆ: "ಮಿಸ್, ನಮ್ಮನೇಲಿ ಗ್ಯಾಸ್ ಒಲೆ, ಬೆಂಕಿಯಿದೆ, ಹೊಗೆಯೆಲ್ಲಿ?" ಆ ಪ್ರಶ್ನೆಗೆ ಇಡೀ ಪೀರಿಯಡ್ಡು ಕೊಡಿ. ಹೊಗೆಯಿಂದ ಬೆಂಕಿಗೆ ಹೋಗುವ ದಾರಿಗೆ ಅದರಿಂದ ಧಕ್ಕೆಯಿಲ್ಲ. ಬೆಂಕಿ ನೋಡಿ ಹೊಗೆಯಿದೆ ಅನ್ನಲು ಹೋದರೆ ಮಾತ್ರ ಎಡವುತ್ತೇವೆ. ನೈಯಾಯಿಕರು, ಅಂದರೆ ನ್ಯಾಯದರ್ಶನದವರು, ಇದಕ್ಕೆ ಬೆಂಕಿಯಿದ್ದೂ ಹೊಗೆಯಿಲ್ಲದ, ಕೆಂಪಗೆ ಕಾದ ಕಬ್ಬಿಣದ ಗುಂಡನ್ನು ತೋರಿಸುತ್ತಿದ್ದರು. ಬೆಂಕಿಯ ಜೊತೆ ಹಸಿ ಸೌದೆ ಸೇರಿದರೆ ಹೊಗೆ; ಆ ಹಸಿ ಸೌದೆಯ ಷರತ್ತಿಗೆ ಉಪಾಧಿ ಅನ್ನುತ್ತಾರೆ. ಒಲೆ ಊದಿ ಕಣ್ಣು ಕೆಂಪಾದ ಮಕ್ಕಳು ಇದನ್ನು ಮರೆಯುವುದಿಲ್ಲ.

ಮಲೆನಾಡಿನ ಕಾಲೇಜಾದರೆ "ಅದು ಹೊಗೆಯಲ್ಲ, ಮಂಜು" ಅಂತ ಇನ್ನೊಂದು ತಕರಾರು ಬರುತ್ತದೆ. ಹಾಗಾದಾಗ ಹೇತುವೇ ಅಸಿದ್ಧ, ಅಂದರೆ ಕೊಟ್ಟ ಕಾರಣವೇ ಅಲ್ಲಿಲ್ಲ. ಹೇತ್ವಾಭಾಸಗಳ (ಕಾರಣದಂತೆ ಕಂಡರೂ ನಿಲ್ಲದ ಕಾರಣಗಳ) ಬಾಗಿಲು ತಾನಾಗಿ ತೆರೆಯಿತು, ಉಳಿದವನ್ನು ಮರುದಿನಕ್ಕೆ ಇಟ್ಟುಕೊಳ್ಳಿ.

ಟೆಸ್ಟಿನಲ್ಲಿ "ವ್ಯಾಪ್ತಿ ಎಂದರೇನು?" ಅಂತ ಕೇಳಬೇಡಿ, ಉರು ಹೊಡೆದು ಬರುತ್ತಾರೆ. "ಮೋಡ ಕವಿದಿದೆ, ಆದ್ದರಿಂದ ಮಳೆ ಬಂದೇ ಬರುತ್ತದೆ" ಅಂತ ಕೊಟ್ಟು, ತಪ್ಪೆಲ್ಲಿದೆ ಬರೆಯಿರಿ ಅನ್ನಿ. ಬಯಲುಸೀಮೆ ಮಕ್ಕಳಿಗಂತೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.