37 ಡಿಗ್ರಿ, 36 ಗಂಟೆ: ಮನೆಯಲ್ಲೇ ರೂಟೆರಿ ಮೊಸರು

ರೂಟೆರಿ ಅನ್ನೋದು ಹಾಲನ್ನು ಹುಳಿ ಮಾಡುವ ಒಂದು ಬ್ಯಾಕ್ಟೀರಿಯಾ, ಮಾಮೂಲಿ ಹೆಪ್ಪಿನ ಬದಲು ಇದನ್ನು ಹಾಕಿ ಮಾಡುವುದೇ ರೂಟೆರಿ ಮೊಸರು. ಮೂವತ್ತಾರು ಗಂಟೆ ಬೆಚ್ಚಗಿಟ್ಟರೆ ಹಾಲು ಹಳಸುತ್ತೆ, ಮೊಸರಾಗಲ್ಲ ಅಂತ ಎಲ್ಲರೂ ಹೇಳಿದ್ದರು. ಅತ್ತೆಯಂತೂ ಆ ಪಾತ್ರೆ ಅಡುಗೆಮನೆಗೆ ಬರಬಾರದು ಅಂದಿದ್ದರು. ಈಗ ಅವರೇ ದಿನಾ ಅರ್ಧ ಬಟ್ಟಲು ತಿನ್ನುತ್ತಾರೆ, ಅನುಮಾನ ಪಟ್ಟ ಗೆಳೆಯರು ಹೆಪ್ಪು ಕೇಳಿಕೊಂಡು ಡಬ್ಬಿ ಹಿಡಿದು ಬರುತ್ತಾರೆ. ಹಾಲು ಕಾಯಿಸೋದು, ಹೆಪ್ಪು ಹಾಕೋದು ನಿಮಗೆ ಗೊತ್ತಿರುವುದೇ, ಅದನ್ನು ಬಿಡೋಣ.

ಈ ಪದ್ಧತಿಯನ್ನು ಜಾಸ್ತಿ ಪ್ರಚಾರ ಮಾಡಿದವರು ಅಮೆರಿಕದ ಹೃದ್ರೋಗ ವೈದ್ಯ ವಿಲಿಯಂ ಡೇವಿಸ್. ರೂಟೆರಿ ಸುಮಾರು ಮೂರು ಗಂಟೆಗೊಮ್ಮೆ ದುಪ್ಪಟ್ಟಾಗುತ್ತೆ, 36 ಗಂಟೆಗೆ ಒಂದು ಇದ್ದದ್ದು ನಾಲ್ಕು ಸಾವಿರ ಆಗುತ್ತೆ ಅನ್ನೋದು ಅವರ ಲೆಕ್ಕ. ಅವರು ಹೇಳುವ ರೂಟೆರಿ ತಳಿಗಳು ಎರಡು, ಅವುಗಳ ನಂಬರ್ ಡಿಎಸ್‌ಎಂ 17938 ಮತ್ತು ಎಟಿಸಿಸಿ ಪಿಟಿಎ 6475. ಎರಡರ ಮೂಲವೂ ತಾಯಿಯ ಎದೆಹಾಲು, ಒಂದು ಪೆರು ದೇಶದ್ದು, ಇನ್ನೊಂದು ಫಿನ್‌ಲೆಂಡಿನದ್ದು. ಎರಡೂ ಒಟ್ಟಿಗೆ ಸಿಗುವುದು ಸ್ವೀಡನ್ನಿನ ಬಯೋಗಾಯಾ ಕಂಪನಿಯ ಗ್ಯಾಸ್ಟ್ರಸ್ ಮಾತ್ರೆಯಲ್ಲಿ. ತಮ್ಮ ಹೊರದೇಶದಿಂದ ಬರುವಾಗ ತಂದುಕೊಟ್ಟ. ಒಂದು ಡಬ್ಬಿಗೆ ಎರಡೂವರೆ ಸಾವಿರದ ಆಸುಪಾಸು ಬಿತ್ತು. ದುಬಾರಿಯೇ, ಆದರೆ ಒಂದು ಸಲ ಹತ್ತು ಮಾತ್ರೆ ಪುಡಿ ಮಾಡಿ ಹಾಕಿದರೆ ಆಮೇಲೆ ಹೆಪ್ಪಿನಿಂದ ಹೆಪ್ಪು ನಡೆಯುತ್ತೆ.

ಅದಕ್ಕೂ ಮುಂಚೆ ಮೆಡಿಕಲ್ ಶಾಪಿನ ಬ್ಯಾಕ್ಟೀರಿಯಾ ಪುಡಿಯ ಸ್ಯಾಶೆಗಳಿಗೆ ಸುಮ್ನೆ ದುಡ್ಡು ಸುರಿದದ್ದಾಯಿತು. ನಾನು ತಂದದ್ದರಲ್ಲಿ ನಾಲ್ಕೈದು ಜಾತಿ ಬೆರೆಸಿದ್ದರು, ತಳಿಯ ನಂಬರ್ ಇರಲಿಲ್ಲ. ಬೇಗ ಬೆಳೆಯುವವು ಗೆದ್ದುಬಿಡುತ್ತವೆ, ಏಳೆಂಟು ಗಂಟೆಯಲ್ಲಿ ಮಾಮೂಲಿ ಮೊಸರು ಸಿದ್ಧ. ತಳಿಯ ನಂಬರ್ ಬರೆದಿಲ್ಲದ ಯಾವುದನ್ನೂ ಕೊಳ್ಳಬೇಡಿ.

ಇನ್ನೊಂದು ನಷ್ಟ ಮೊಸರಿನ ಯಂತ್ರ. ಸಾವಿರದ ಮುನ್ನೂರೋ ಏನೋ ಕೊಟ್ಟು ತಂದದ್ದು, 43ಕ್ಕೆ ಏರಿ ಅಲ್ಲೇ ನಿಲ್ಲುತ್ತಿತ್ತು. ಮಾಮೂಲಿ ಮೊಸರಿಗೆ ಆ ಬಿಸಿ ಚೆನ್ನ, ರೂಟೆರಿಗೆ 37 ಬೇಕು. ಕೊನೆಗೆ ದಾರಿ ತೋರಿಸಿದ್ದು ಕೋಳಿ ಸಾಕುವ ಪಕ್ಕದ ಮನೆಯವರು. ಮೊಟ್ಟೆ ಮರಿಯಾಗಲು ಬೇಕಾದದ್ದೂ 37ರ ಮೇಲೆ ಸ್ವಲ್ಪ, ಅಲ್ವಾ? ಮರಿ ಮಾಡಿಸುವ ಪೆಟ್ಟಿಗೆಯ ಥರ್ಮೋಸ್ಟ್ಯಾಟ್ ನಾನೂರು ರೂಪಾಯಿ, ಥರ್ಮಾಕೋಲ್ ಡಬ್ಬಿ ನೂರೈವತ್ತು, 40 ವ್ಯಾಟಿನ ಹಳೇ ಬಲ್ಬು ಮನೆಯಲ್ಲೇ ಇತ್ತು. ಒಳಗೆ ಎರಡು ಬಾಟಲಿ ಬಿಸಿನೀರು ಇಟ್ಟರೆ ಕರೆಂಟು ಹೋದರೂ ಒಂದು ಗಂಟೆ ಶಾಖ ಇಳಿಯಲ್ಲ. ಹಾಸನದ ಡಿಸೆಂಬರ್ ಚಳಿಯಲ್ಲೂ ನಡೆದಿದೆ.

ಹಾಲು ನಂದಿನಿ ಸಮೃದ್ಧಿ, ಕೊಬ್ಬು ಜಾಸ್ತಿ ಇದ್ದಷ್ಟೂ ಗಟ್ಟಿ. 85 ಡಿಗ್ರಿ ಹತ್ತಿರ ಹತ್ತು ಹದಿನೈದು ನಿಮಿಷ ಹಿಡಿದು, ಪೂರ್ತಿ ಆರಿಸಿ, ಲೀಟರಿಗೆ ಎರಡು ಚಮಚ ಇನುಲಿನ್, ಅಂದರೆ ಬ್ಯಾಕ್ಟೀರಿಯಾಕ್ಕೆ ಆಹಾರವಾಗುವ ನಾರಿನ ಪುಡಿ. ಇನುಲಿನ್ ಚಿಕೋರಿ ಬೇರಿನದ್ದೇ, ಆದರೆ ಫಿಲ್ಟರ್ ಕಾಫಿಯ ಚಿಕೋರಿ ಹಾಕಲು ಹೋಗಬೇಡಿ, ಹುರಿದಾಗ ಇನುಲಿನ್ ಬಹುಪಾಲು ಹಾಳಾಗಿರುತ್ತೆ. ಇದರ ಜೊತೆ ಚಿಟಿಕೆಯಷ್ಟು ಇನ್ನೊಂದು ಹಾಕುತ್ತೇನೆ, ಅದು ಏನು ಅಂತ ಇಲ್ಲಿ ಹೇಳಲ್ಲ, ಗಟ್ಟಿ ಬರುವ ಗುಟ್ಟೇ ಅದು.

ನಮ್ಮ ಅಡುಗೆಮನೆಗಳಲ್ಲಿ ದೊಡ್ಡ ಶತ್ರು ಮನೆಯ ಹೆಪ್ಪೇ. ಮೊಸರಿಗೆ ಹಾಕಿದ ಸೌಟು ಇದಕ್ಕೆ ತಾಗಿದರೆ ಮುಗಿಯಿತು. ಪಾತ್ರೆ, ಚಮಚ, ಮುಚ್ಚಳ ಎಲ್ಲ ಬೇರೆ, ಎಲ್ಲಕ್ಕೂ ಕುದಿನೀರು.

ಮೊದಲ ಸಲ ಒಡೆದಂತೆ ಬರುತ್ತೆ, ಕೆಳಗೆ ಹಳದಿ ನೀರು, ಮೇಲೆ ಗಡ್ಡೆ. ಎಸೆಯಬೇಡಿ, ಅದರದ್ದೇ ಎರಡು ಚಮಚ ಮುಂದಿನ ಹೆಪ್ಪು. ಎರಡನೇ ಮೂರನೇ ಸಲಕ್ಕೆ ಚಮಚ ನೆಟ್ಟಗೆ ನಿಲ್ಲುತ್ತೆ, ಕತ್ತರಿಸಿದರೆ ಅಂಚು ಕುಸಿಯಲ್ಲ, ಸ್ಟೀಲ್ ಪಾತ್ರೆಯ ಗೋಡೆಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು. ರೂಟೆರಿ ಗಾಳಿ ಬಿಡುವ ಜಾತಿ, ಅಷ್ಟು ಗುಳ್ಳೆಗೆ ಹೆದರಬೇಡಿ. ಆದರೆ ಹೆಂಡದ ವಾಸನೆ, ನೊರೆ, ಗುಲಾಬಿ ಬಣ್ಣ ಕಂಡರೆ ಪೂರ್ತಿ ಚೆಲ್ಲಿ.

ನಡುವೆ ರಾಮ್ನೋಸಸ್ ಜಿಜಿ ಅನ್ನೋ ಬೇರೆ ಬ್ಯಾಕ್ಟೀರಿಯಾ ತಳಿಯನ್ನೂ ನೋಡಿದೆ. ಅದಕ್ಕೆ ಹಾಲಿನ ಸಕ್ಕರೆ ಜೀರ್ಣವಾಗಲ್ಲ, ಬರೀ ಹಾಲಿನಲ್ಲಿ ಹಾಗೇ ಕೂತಿತ್ತು. ಗ್ಲೂಕೋಸ್ ಪುಡಿ ಹಾಕಿದ ಮೇಲೆ ಹೆಪ್ಪಾಯಿತು, ರುಚಿ ಮಾತ್ರ ಸಪ್ಪೆ. ರಾಗಿ ಅಂಬಲಿಗೆ ರೂಟೆರಿ ಮೊಸರಿನ ನೀರು ಬೆರೆಸಿ ರಾತ್ರಿಯಿಡೀ ಇಟ್ಟದ್ದು ಬಹಳ ರುಚಿಯಾಗಿತ್ತು, ಅದಿನ್ನೂ ನಡೆಯುತ್ತಿದೆ.

ನನಗೆ ಸಿಕ್ಕಿದ್ದು ಏನು? ಊಟದ ನಂತರದ ಹೊಟ್ಟೆ ಉಬ್ಬರ ಹೋಯಿತು, ನಿದ್ದೆ ಗಟ್ಟಿಯಾಯಿತು. ಮೊದಲ ವಾರ ಒಂದೆರಡು ಚಮಚಕ್ಕಿಂತ ಜಾಸ್ತಿ ಬೇಡ. ಕೀಮೋ ತಗೊಳ್ಳುವವರು, ರೋಗನಿರೋಧಕ ಶಕ್ತಿ ಕುಗ್ಗಿದವರು ವೈದ್ಯರನ್ನು ಕೇಳದೆ ಮುಟ್ಟಲೇಬೇಡಿ.

ಈಗ ಲೀಟರಿಗೆ ಎಲ್ಲ ಸೇರಿ ತೊಂಬತ್ತು ನೂರರೊಳಗೆ ಮುಗಿಯುತ್ತೆ. ಎರಡನೇ ಸಲದ ಹೆಪ್ಪನ್ನು ಐಸ್ ಟ್ರೇಗೆ ಹಾಕಿ ಫ್ರೀಜರಿನಲ್ಲಿಡಿ. ಹೆಪ್ಪಿನಿಂದ ಹೆಪ್ಪು ಹತ್ತು ಹನ್ನೆರಡು ಸಲ ಹಾಕಿದ ಮೇಲೆ ಹುಳಿ ಬದಲಾಗುತ್ತೆ, ಆಗ ಅದನ್ನು ಬಿಟ್ಟು ಫ್ರೀಜರಿನಿಂದ ಒಂದು ಗಡ್ಡೆ ತೆಗೆದು ಹೊಸದಾಗಿ ಶುರು ಮಾಡಿ.