ಟರ್ಕಿಗೆ ದೀರ್ಘಾವಧಿ ಆ್ಯಂಟಿಬಯಾಟಿಕ್: ನನ್ನ ಅನುಭವ

ಕಾಯಿಲೆ ಬಿದ್ದ ಟರ್ಕಿ ಕೋಳಿ ಮೊದಲು ಮೇವು ಬಿಡುತ್ತದೆ, ಆಮೇಲೆ ನೀರನ್ನೂ ಬಿಡುತ್ತದೆ. ಆಗ ನೀರಿಗೆ ಬೆರೆಸಿದ ಔಷಧಿ ಗಟ್ಟಿಮುಟ್ಟಾದ ಹಕ್ಕಿಗಳ ಹೊಟ್ಟೆ ಸೇರುತ್ತದೆಯೇ ಹೊರತು, ಮೂಲೆಯಲ್ಲಿ ರೆಕ್ಕೆ ಇಳಿಬಿಟ್ಟು ಕುಳಿತದ್ದಕ್ಕೆ ಸಿಗುವುದಿಲ್ಲ. ಗಡಸು ನೀರಾದರೆ ಅದರ ಕ್ಯಾಲ್ಸಿಯಂ ಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್‌ಗೆ ಅಂಟಿಕೊಂಡು, ಕುಡಿದ ಔಷಧಿಯೂ ಪೂರ್ತಿ ಮೈಗೆ ಹತ್ತುವುದಿಲ್ಲ. ಹೋಗಲಿ, ದಿನವೂ ಚುಚ್ಚೋಣವೆಂದರೆ, ಉಸಿರಿಗೆ ಒದ್ದಾಡುವ ಹಕ್ಕಿಯನ್ನು ಮತ್ತೆ ಮತ್ತೆ ಅಟ್ಟಿ ಹಿಡಿಯುವುದೇ ಅದಕ್ಕೆ ಇನ್ನೊಂದು ಹಿಂಸೆ. ದೀರ್ಘಾವಧಿ ಚುಚ್ಚುಮದ್ದಿನ ಕಡೆಗೆ ನಾನು ಒಲಿದದ್ದು ಇದಕ್ಕೇ. ಚುಚ್ಚಿದ ಜಾಗದಲ್ಲಿ ಔಷಧಿ ನಿಂತು, ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ.

ಸೂಜಿ ಎತ್ತುವ ಮೊದಲು ರೋಗ ಯಾವುದೆಂದು ತಿಳಿಯಬೇಕು. ನಾನು ಹೆಚ್ಚು ಹೊತ್ತು ಕಳೆಯುವುದು ಇಲ್ಲೇ. ಕಣ್ಣಿನ ಕೆಳಗೆ ಊದಿಕೊಂಡು, ಮೂಗು ಸೋರುತ್ತಿದ್ದರೆ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಅದಕ್ಕೆ ಪೆನಿಸಿಲಿನ್ ಕೊಟ್ಟು ಪ್ರಯೋಜನವಿಲ್ಲ. ಪೆನಿಸಿಲಿನ್ ತಡೆಯುವುದು ಬ್ಯಾಕ್ಟೀರಿಯಾ ತನ್ನ ಹೊರಗೋಡೆಯಾದ ಕೋಶಭಿತ್ತಿಯನ್ನು ಕಟ್ಟಿಕೊಳ್ಳುವುದನ್ನು, ಮೈಕೋಪ್ಲಾಸ್ಮಾಕ್ಕೆ ಕೋಶಭಿತ್ತಿಯೇ ಇಲ್ಲ. ಅಲ್ಲಿ ಆಕ್ಸಿಟೆಟ್ರಾಸೈಕ್ಲಿನ್ ಅಥವಾ ಟೈಲೋಸಿನ್ ಬೇಕು. ಗಂಡು ಟರ್ಕಿಯ ಕೊಕ್ಕಿನ ಮೇಲಿನ ಜೋಲುಮಾಂಸ ಊದಿ ನೇರಳೆಗೆ ತಿರುಗಿದರೆ ಎರಿಸಿಪೆಲಾಸ್ ಎಂಬ ಅನುಮಾನ. ಅದಕ್ಕೆ ಪೆನಿಸಿಲಿನ್ನೇ ಮದ್ದು. ಅದು ಮನುಷ್ಯರ ಕೈಯ ಗಾಯಕ್ಕೂ ತಗಲುವ ರೋಗವಾದ್ದರಿಂದ ಕೈಗವಸು ಹಾಕದೆ ನಾನು ಆ ಹಕ್ಕಿಯನ್ನು ಮುಟ್ಟುವುದಿಲ್ಲ. ಹಿಕ್ಕೆ ಗಂಧಕದಂತೆ ಹಳದಿಯಾಗಿದ್ದರೆ ಹಿಸ್ಟೊಮೋನಾಸ್ ಎಂಬ ಏಕಕೋಶಜೀವಿಯ ಕೆಲಸವಿರಬಹುದು, ಅದರ ಮುಂದೆ ಈ ಚುಚ್ಚುಮದ್ದಿನ ಆ್ಯಂಟಿಬಯಾಟಿಕ್‌ಗಳು ನಡೆಯುವುದಿಲ್ಲ. ಹಿಂದಿನ ದಿನ ಚೆನ್ನಾಗಿದ್ದವು ಬೆಳಗ್ಗೆ ಸತ್ತು ಬಿದ್ದಿದ್ದರೆ ಪಾಸ್ಚುರೆಲ್ಲಾದಿಂದ ಬರುವ ಕೋಳಿ ಕಾಲರಾ ಇರಬಹುದೆಂದು, ಸತ್ತ ಹಕ್ಕಿಯನ್ನೇ ಪ್ರಯೋಗಾಲಯಕ್ಕೆ ಕಳುಹಿಸುತ್ತೇನೆ. ಯಾವ ಔಷಧಿಗೆ ಬ್ಯಾಕ್ಟೀರಿಯಾ ಬಗ್ಗುತ್ತದೆ ಎಂಬುದೂ ಅಲ್ಲೇ ಗೊತ್ತಾಗುತ್ತದೆ.

ಪ್ರಮಾಣವನ್ನು ಗೊತ್ತು ಮಾಡುವವರು ಪಶುವೈದ್ಯರು. ಮಾರುಕಟ್ಟೆಯ ದೀರ್ಘಾವಧಿ ಆಕ್ಸಿಟೆಟ್ರಾಸೈಕ್ಲಿನ್ ಸಾಮಾನ್ಯವಾಗಿ ಮಿಲಿಲೀಟರಿಗೆ 200 ಮಿಲಿಗ್ರಾಂ ಇರುತ್ತದೆ, ತಯಾರಾಗುವುದು ದನ, ಹಂದಿಗಳಿಗೆಂದು. ಬಾಟಲಿಯ ಮೇಲಿನ ಲೆಕ್ಕ ಹಕ್ಕಿಗೆ ಹೊಂದುವುದಿಲ್ಲ. ಆದ್ದರಿಂದ ಪ್ರತಿ ಹಕ್ಕಿಯನ್ನೂ ತೂಗಿ, ತೂಕ ಹೇಳಿಯೇ ಪ್ರಮಾಣ ಕೇಳುತ್ತೇನೆ. ಟರ್ಕಿಯ ತೂಕವನ್ನು ಕಣ್ಣಳತೆಯಲ್ಲಿ ಹೇಳಲಾಗದು, ಗರಿ ಮೋಸ ಮಾಡುತ್ತದೆ.

ಚುಚ್ಚುವುದು ಕತ್ತಲಾದ ಮೇಲೆ, ಮಂದ ಬೆಳಕಿನಲ್ಲಿ. ಆಗ ಹಕ್ಕಿಗಳು ಗಲಾಟೆ ಮಾಡುವುದಿಲ್ಲ. ಒಬ್ಬರು ರೆಕ್ಕೆಗಳನ್ನು ಮೈಗೆ ಒತ್ತಿ, ಕಾಲು ಹಿಡಿದು ಕೂರುತ್ತಾರೆ. ನಾನು ಕತ್ತಿನ ಹಿಂಬದಿಯಲ್ಲಿ, ಬುಡದ ಹತ್ತಿರ ಗರಿ ಸರಿಸಿ, ಸಡಿಲ ಚರ್ಮವನ್ನು ಎರಡು ಬೆರಳಿನಲ್ಲಿ ಎತ್ತುತ್ತೇನೆ. ಸೂಜಿಯನ್ನು ಬೆನ್ನಿನ ದಿಕ್ಕಿಗೆ ಮಲಗಿಸಿ ತೂರಿಸಿದರೆ ತುದಿ ಚರ್ಮದಡಿ ಸಲೀಸಾಗಿ ಅಲುಗಾಡಬೇಕು. ಬಿಗಿಯೆನಿಸಿದರೆ ಅದು ಮಾಂಸಕ್ಕೆ ಇಳಿದಿದೆ ಎಂದರ್ಥ. ಸಿರಿಂಜಿನ ದಂಡವನ್ನು ತುಸು ಹಿಂದಕ್ಕೆಳೆದು ರಕ್ತ ಬರುವುದಿಲ್ಲವೆಂದು ನೋಡಿಕೊಂಡೇ ಒತ್ತುತ್ತೇನೆ, ಏಕೆಂದರೆ ಪ್ರೊಕೇಯ್ನ್ ಪೆನಿಸಿಲಿನ್ ರಕ್ತನಾಳಕ್ಕೆ ಹೋದರೆ ಹಕ್ಕಿ ಅಲ್ಲೇ ಸಾಯಬಹುದು. ಆಕ್ಸಿಟೆಟ್ರಾಸೈಕ್ಲಿನ್ ಗಟ್ಟಿ ದ್ರವವಾಗಿ, ಚುಚ್ಚಿದ ಜಾಗವನ್ನು ಉರಿಸುವ ಗುಣದ್ದಾಗಿರುವುದರಿಂದ ಪ್ರಮಾಣ ಹೆಚ್ಚಿದ್ದರೆ ಎರಡು ಜಾಗಕ್ಕೆ ಹಂಚುತ್ತೇನೆ. ಎದೆಯ ಮಾಂಸಕ್ಕೆ ಕೊಟ್ಟರೆ ಅಲ್ಲಿ ಗಂಟು, ಕಲೆ ಉಳಿಯುತ್ತದೆ. ಕಾಲಿಗಂತೂ ಕೊಡುವುದೇ ಇಲ್ಲ: ಹಕ್ಕಿಯ ಕಾಲಿನ ರಕ್ತ ಮೂತ್ರಪಿಂಡದ ಮೂಲಕ ಹಾದುಹೋಗಬಲ್ಲದು, ಔಷಧಿ ಮೈಗೆ ಹರಡುವ ಮೊದಲೇ ಒಂದಷ್ಟು ಹೊರಹೋಗಬಹುದು.

ಮರುದಿನ ಹಕ್ಕಿ ಮೇವಿನ ತೊಟ್ಟಿಗೆ ಬಂದರೆ ನನಗೆ ಅರ್ಧ ಜೀವ ಬಂದಂತೆ. ಹಾಗೆಂದು ಎರಡನೆಯ ಚುಚ್ಚುಮದ್ದನ್ನು ಬಿಡುವುದಿಲ್ಲ. ವೈದ್ಯರು ಹೇಳಿದ ಅಂತರಕ್ಕೆ ಸರಿಯಾಗಿ ಕೊಡುತ್ತೇನೆ.

ಔಷಧಿ ಮೈಯಲ್ಲಿ ಹೆಚ್ಚು ಕಾಲ ನಿಲ್ಲುತ್ತದೆಂದರೆ ಮಾಂಸ, ಮೊಟ್ಟೆಗಳಲ್ಲೂ ಹೆಚ್ಚು ಕಾಲ ಉಳಿಯುತ್ತದೆ. ಮಾರುವವರು ಈ ಮಾತನ್ನು ಮುಚ್ಚಿಡಬಾರದು. ಚುಚ್ಚಿದ ಹಕ್ಕಿಯ ಕಾಲಿಗೆ ಬಣ್ಣದ ಪಟ್ಟಿ ಕಟ್ಟಿ, ದಿನಾಂಕ ಬರೆದಿಟ್ಟು, ವೈದ್ಯರು ಹೇಳಿದ ಅವಧಿ ಮುಗಿಯುವವರೆಗೆ ಅದರ ಮೊಟ್ಟೆಯನ್ನು ಹೂಳಿಸುತ್ತೇನೆ. ಮೈಕೋಪ್ಲಾಸ್ಮಾ ತಗಲಿ ಚೇತರಿಸಿಕೊಂಡ ಹೆಣ್ಣು ಟರ್ಕಿಗಳ ಪಟ್ಟಿಯನ್ನು ಮಾತ್ರ ಬಿಚ್ಚುವುದೇ ಇಲ್ಲ. ಊತ ಇಳಿದರೂ ರೋಗಾಣು ಒಳಗೆ ಉಳಿದು ಮೊಟ್ಟೆಯ ಮೂಲಕ ಮರಿಗೆ ದಾಟಬಹುದು, ಅವುಗಳ ಮೊಟ್ಟೆಯನ್ನು ಮರಿ ಮಾಡಿಸಲು ಇಡುವುದಿಲ್ಲ.